ಎಕ್ಸ್‌ರೇ ಕೋಣೆಯಲ್ಲಿ ತೊಳೆದ ಸಿನಿಮಾ

ನನ್ನ ದೊಡ್ಡವ್ವ ಕೂತಲ್ಲಿ ಕೂಡುವ ಹೆಂಗಸೇ ಅಲ್ಲ. ಆಕೆ ನನ್ನ ತಾಯಿಯ ಅಕ್ಕ, ನನ್ನನ್ನು ಸಾಕಿದವಳು. ಮೊದಲು ಬೀದರಿನ ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಆಮೇಲೆ ಸರ್ಕಾರಿ ನೌಕರಿ ಸಿಕ್ಕು ಔರಾದ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತ ಓಡಾಡಿದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಖವಾಗಿ ಬೆಳೆಯುತ್ತಿದ್ದೆ. ಬಿಡಲಿಲ್ಲ. ಹಾರ್ಮೋನಿಯಂ ಕಲಿತು ಚರ್ಚಿನ ಹುಡುಗಿಯರಿಗೆ ಕಲಿಸಿದಳು. ಓಣಿಯವರ ರೇಡಿಯೋ ಬಿಚ್ಚಿ ಜೋಡಿಸಿದಳು, ಒಂದೆರಡನ್ನು ಬಿಚ್ಚಿ ಹಾಗೇ ಬಿಟ್ಟಳು. ಜೇನು ಸಾಕಿದಳು, ಪೇರಲ ಗಿಡಕ್ಕೆ ಕಸಿ ಕಟ್ಟಿದಳು, ಸೀರೆ ಉಟ್ಟ ಹೆಂಗಸರಿಗೆ ಸೈಕಲ್ ತುಳಿಯಲು ಕಲಿಸಿದಳು. ಈಗ ಎಂಬತ್ತು ದಾಟಿದ ಮೇಲೆ ಪಕ್ಕದ ಮನೆಯ ಬೇಗಂರ ಹತ್ತಿರ ಉರ್ದು ಅಕ್ಷರ ತಿದ್ದುತ್ತಿದ್ದಾಳೆ. ಯಾಕೆ ಅಂತ ಕೇಳಿದರೆ, "ಕೈ ಖಾಲಿ ಅವ ಅಲಾ" ಅನ್ನುತ್ತಾಳೆ.

ಆಕೆಯ ಒಂದು ಚಾಳಿ ಇದೆ. ಒಂದು ಕೆಲಸ ಹಿಡಿದು, ಅದರಲ್ಲಿ ಕೈ ಪಳಗುವ ಹೊತ್ತಿಗೆ ಮನಸ್ಸು ಎದ್ದು ಬೇರೆ ಕಡೆ ಹೋಗಿರುತ್ತದೆ. ಆಗ ಆ ಕೆಲಸದ ಸಾಮಾನನ್ನು ಒಂದು ಮೊಳೆಯೂ ಉಳಿಯದಂತೆ ಯಾರಿಗಾದರೂ ಕೊಟ್ಟುಬಿಡುತ್ತಾಳೆ. ಯಾರಿಗೆ ಕೊಟ್ಟೆ ಅನ್ನುವುದನ್ನು ನೆನಪಿಟ್ಟುಕೊಳ್ಳುವುದಿಲ್ಲ. ನಾನು ಸಾಲೆಯಿಂದ ಬಂದು ನೋಡಿದರೆ ನಿನ್ನೆ ಇದ್ದ ಜೇನುಪೆಟ್ಟಿಗೆ ಇಂದು ಇಲ್ಲ. ನನಗೋ ಒಂದು ವಸ್ತು ಇಟ್ಟ ಜಾಗದಲ್ಲಿ ಇರದಿದ್ದರೆ ತಲೆ ಕೆಡುತ್ತದೆ. ಇಬ್ಬರೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಹೇಗೆ ಬಾಳಿದೆವೋ ದೇವರಿಗೇ ಗೊತ್ತು.

ಈ ಎಲ್ಲದರ ನಡುವೆ ಆಕೆ ಸಿನಿಮಾ ಕೂಡ ಮಾಡಿದ್ದಳು. ಹಾಡು, ಹೊಡೆದಾಟ ಇರುವ ಸಿನಿಮಾ ಅಂತ ತಿಳಿಯಬೇಡಿ. ದವಾಖಾನೆಯ ಡಾಕ್ಟರ್ ದೊರೆಸಾನಿ ತಮ್ಮ ದೇಶಕ್ಕೆ ಮರಳುವಾಗ ಕೀಲಿ ಕೊಟ್ಟು ಓಡಿಸುವ ಒಂದು ಕ್ಯಾಮೆರಾ, ಒಂದು ಪ್ರೊಜೆಕ್ಟರ್, ಒಂದಿಷ್ಟು ಹೊಸ ರೀಲು ಈಕೆಯ ಕೈಗೆ ಕೊಟ್ಟು ಹೋದರು. ಹಳ್ಳಿಯವರಿಗೆ ಕಾಲರಾ, ಸಿಡುಬಿನ ಬಗ್ಗೆ ತಿಳಿಹೇಳಲು ತಂದಿದ್ದ ಸಾಮಾನು ಅದು. ದೊಡ್ಡವ್ವ ಅದರಲ್ಲಿ ಏನು ತೆಗೆದಳು? ಗಾಂಧಿ ಗಂಜಿನ ಪೇಟೆಯಲ್ಲಿ ಚೀಲ ಹೊರುವ ಹಮಾಲರ ಬೆನ್ನು. ರೊಟ್ಟಿ ಬಡಿಯುವ ಕೈ. ಎತ್ತಿನ ಕಾಲು. ಕ್ಯಾಮೆರಾ ತಲೆಕೆಳಗೆ ಹಿಡಿದು ಬೇವಿನ ಮರ. ಬಾವಿಯ ನೀರಿನಲ್ಲಿ ನಡುಗುವ ಹಗ್ಗ. ಕಥೆ ಇಲ್ಲ, ಮಾತಿಲ್ಲ, ಹಾಡಿಲ್ಲ. ಮುಖವಂತೂ ಇಲ್ಲವೇ ಇಲ್ಲ. ಕ್ಯಾಮೆರಾ ಯಾರ ಕೊರಳಿನ ಮೇಲಕ್ಕೂ ಏಳಬಾರದು ಅನ್ನುವುದು ಆಕೆಯ ಹಟ.

"ಮಾರಿ ತೋರಿಸಿದ್ರ ಮಂದಿ ಇವ ಯಾರು, ಯಾವ ಊರಾಂವ, ಯಾರ ಪೈಕಿ ಅಂತ ಕೇಳ್ಕೋತ ಕೂಡ್ತಾರ. ಕೈ ತೋರಿಸಿದ್ರ ಏನೂ ಕೇಳೂದಿಲ್ಲ, ಸುಮ್ನ ಕೈ ನೋಡ್ತಾರ" ಅನ್ನುತ್ತಿದ್ದಳು. ನಮ್ಮ ಊರಲ್ಲಿ 'ಯಾರ ಪೈಕಿ' ಅಂದರೆ ಯಾವ ಜಾತಿ ಅಂತ. ಆ ಪ್ರಶ್ನೆಯನ್ನು ಆಕೆ ಬಾಣಂತಿಯರ ಮನೆ ಬಾಗಿಲಲ್ಲಿ ನಿಂತು ಎಷ್ಟು ಸಲ ಕೇಳಿಸಿಕೊಂಡಿದ್ದಳೋ.

ತೆಗೆದದ್ದನ್ನು ತೊಳೆಯುವುದು ಹೇಗೆ? ರೀಲನ್ನು ಹೈದರಾಬಾದಿಗೋ ಮುಂಬೈಗೋ ಕಳಿಸಬೇಕು, ತಿಂಗಳಾನುಗಟ್ಟಲೆ ಕಾಯಬೇಕು. ಕಾಯುವುದು ಆಕೆಯ ಜಾಯಮಾನದಲ್ಲೇ ಇಲ್ಲ. ದವಾಖಾನೆಯಲ್ಲಿ ಎಕ್ಸ್‌ರೇ ತೊಳೆಯುವ ಕತ್ತಲೆ ಕೋಣೆ ಇತ್ತಲ್ಲ, ರವಿವಾರ ಆರಾಧನೆ ಮುಗಿಸಿ ಬಂದು ಅಲ್ಲಿ ಹೊಕ್ಕಳು. ಕಟ್ಟಿಗೆಯ ಚೌಕಟ್ಟಿಗೆ ರೀಲು ಸುತ್ತಿ, ಎಲುಬಿನ ಚಿತ್ರ ತೊಳೆಯುವ ಅದೇ ನೀರಿನಲ್ಲಿ ಅದ್ದಿ ತೆಗೆದಳು. ಎಕ್ಸ್‌ರೇ ಅನ್ನುವುದು ಉಲ್ಟಾ ಚಿತ್ರ. ಅದನ್ನು ಯಾರೂ ಸೀದಾ ಮಾಡುವುದಿಲ್ಲ, ಹಾಗೇ ಬೆಳಕಿಗೆ ಹಿಡಿದು ನೋಡುತ್ತಾರೆ. ಈಕೆಯೂ ತನ್ನ ಸಿನಿಮಾವನ್ನು ಹಾಗೇ ಬಿಟ್ಟಳು. ಅದರಲ್ಲಿ ಹಗಲಿನ ಆಕಾಶ ಕರ್ರಗೆ, ಬೇವಿನ ಎಲೆ ಬೆಳ್ಳಗೆ. ಸಾಲದ್ದಕ್ಕೆ ಹೊಲಿಗೆ ಹಾಕುವ ಸೂಜಿಯಿಂದ ಅಲ್ಲಲ್ಲಿ ಗೀರಿ, ಗಾಯಕ್ಕೆ ಹಚ್ಚುವ ನೇರಳೆ ಔಷಧ, ಟಿಂಚರು ಬಳಿದು ಬಣ್ಣ ಮಾಡಿದಳು.

ಒಂದು ಕ್ರಿಸ್ಮಸ್ಸಿಗೆ ಅದನ್ನು ಮಿಷನ್ ಕಂಪೌಂಡಿನ ಗೋಡೆಯ ಮೇಲೆ ತೋರಿಸಿದಳಂತೆ. ನಾನು ಹುಟ್ಟುವ ಮೊದಲಿನ ಮಾತು, ಆದರೆ ನೋಡಿದವರು ಇನ್ನೂ ಇದ್ದಾರೆ, ಇನ್ನೂ ನಗುತ್ತಾರೆ. ಯೇಸುಸ್ವಾಮಿಯ ಜನನ ತೋರಿಸುತ್ತಾಳೆ ಅಂತ ಮಂದಿ ಚಾಪೆ ಸಮೇತ ಬಂದು ಕೂತರೆ, ಕರಿ ಆಕಾಶದಲ್ಲಿ ಬಿಳಿ ಮರ ತಲೆಕೆಳಗಾಗಿ ನಿಂತು, ನಡುವೆ ನೇರಳೆ ಮಳೆ ಸುರಿಯಿತಂತೆ. ಒಬ್ಬ ಅಜ್ಜಿ ಗಾಬರಿಯಾಗಿ, "ಯವ್ವಾ, ಇದು ನರಕದ ಫೋಟೋ ಏನ?" ಅಂದಳಂತೆ. ಅರ್ಧ ಮಂದಿ ಎದ್ದು ಹೋದರು. ದೊಡ್ಡವ್ವನಿಗೆ ಅದರಿಂದ ಕಿಂಚಿತ್ತೂ ಬೇಸರವಾಗಲಿಲ್ಲ. "ಅರ್ಧ ಮಂದಿ ಕೂತ್ರಲಾ" ಅನ್ನುತ್ತಾಳೆ ಇವತ್ತಿಗೂ.

ನನಗೆ ಮಾತ್ರ ಆ ಸಿನಿಮಾಗಳ ಮೇಲೆ ಸಿಟ್ಟು. ಅದಕ್ಕೆ ಕಾರಣವಿದೆ. ನನ್ನ ಅವ್ವ ಇಪ್ಪತ್ತಾರಕ್ಕೆ ಕಾಮಾಲೆಯಾಗಿ ತೀರಿಕೊಂಡಳು. ಆಗ ನನಗೆ ಇನ್ನೂ ಹಾಲು ಬಿಡಿಸಿರಲಿಲ್ಲ. ಅಪ್ಪ ಬೇರೆ ಮದುವೆಯಾಗಿ ಜಹೀರಾಬಾದ್ ಕಡೆ ಹೋದ. ನನಗೆ ಉಳಿದದ್ದು ಮದುವೆಯ ದಿನ ತೆಗೆದ ಒಂದೇ ಒಂದು ಫೋಟೋ. ಉಸಿರು ಬಿಗಿಹಿಡಿದು, ಕಣ್ಣು ಪಿಳುಕಿಸದೆ ನಿಂತ ಹುಡುಗಿ. ಆಕೆ ನಗುವುದು ಹೇಗೆ, ಬೈಯುವುದು ಹೇಗೆ, ಮಾತಾಡುವಾಗ ಹುಬ್ಬು ಏರುತ್ತಿತ್ತೋ ಇಲ್ಲವೋ, ಒಂದೂ ನನಗೆ ಗೊತ್ತಿಲ್ಲ. ಮನೆಯಲ್ಲಿ ಸಿನಿಮಾ ಕ್ಯಾಮೆರಾ ಇತ್ತು, ಎದುರಿಗೆ ನನ್ನ ಅವ್ವ ಇದ್ದಳು, ಈ ಮಹಾತಾಯಿ ತೆಗೆದದ್ದು ಏನು ಅಂದರೆ ಆಕೆಯ ಕೈ! ಚಿಕ್ಕವಳಿದ್ದಾಗ ಕೇಳಿ ಕೇಳಿ ಅತ್ತಿದ್ದೆ. "ಮಾರಿ ಇಲ್ಲ ಮಗಳ, ನಾ ಯಾರದೂ ಮಾರಿ ತೆಗ್ದಿಲ್ಲ" ಅನ್ನುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನು ಬಿಟ್ಟೆ. ಸಿಟ್ಟನ್ನು ಬಿಡಲಿಲ್ಲ.

ಎರಡು ವರ್ಷದ ಹಿಂದೆ, ದಸರೆ ಮುಗಿದ ಹೊತ್ತಿನಲ್ಲಿ, ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಹಳೆಯ ಸಿನಿಮಾಗಳ ಬಗ್ಗೆ ಅಭ್ಯಾಸ ಮಾಡುವವಳು. ದೊಡ್ಡವ್ವನ ಮಂಚದ ಕೆಳಗೆ ಹೇಗೋ ಉಳಿದಿದ್ದ ಎರಡು ಡಬ್ಬಿ ತೆಗೆದಾಗ ಮನೆಯೆಲ್ಲ ಸಿರ್ಕಾ ವಾಸನೆ ಹೊಡೆಯಿತು, ಉಪ್ಪಿನಕಾಯಿ ಹುಳಿತ ಹಾಗೆ. ಆಕೆ ಮುಖ ಸಣ್ಣ ಮಾಡಿದಳು. ಹಳೆಯ ರೀಲಿಗೆ ಈ ವಾಸನೆ ಹತ್ತಿತು ಅಂದರೆ ಅದು ಮುದುಡುತ್ತದೆ, ಒಡೆಯುತ್ತದೆ, ಕಡೆಗೆ ಚಿತ್ರವೇ ಎದ್ದುಹೋಗುತ್ತದೆ, ತಡಮಾಡಬಾರದು ಅಂದಳು. ಒಡೆಯದೆ ಉಳಿದ ತುದಿಯನ್ನು ಕಿಟಕಿಗೆ ಹಿಡಿದು ನೋಡಿ ನೋಡಿ ಕಣ್ಣು ಅರಳಿಸಿದಳು. "ಅಮ್ಮಾ, ಆ ಕಾಲಕ್ಕೆ, ಈ ಊರಲ್ಲಿ ಕೂತು ಇಂಥ ಪ್ರಯೋಗ ಮಾಡಿದವರಿದ್ದರು ಅಂದರೆ ಯಾರೂ ನಂಬುವುದಿಲ್ಲ."

"ಪ್ರಯೋಗ ಎಲ್ಲಿದವ್ವ, ರವಿವಾರ ಹೊತ್ತು ಹೋಗ್ತಿದ್ದಿಲ್ಲ" ಅಂದಳು ದೊಡ್ಡವ್ವ. ಉರ್ದು ತಿದ್ದುವ ಪಾಟಿ ಅಲ್ಲೇ ತೊಡೆಯ ಮೇಲಿತ್ತು.

ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗಿನ ಮಾತು ಕೇಳುತ್ತಿತ್ತು.

"ನಿಮ್ಮ ಚಿತ್ರಗಳಲ್ಲಿ ಎಲ್ಲೂ ಮುಖವೇ ಇಲ್ಲವಲ್ಲ. ಒಂದು ಸಲವೂ ತೆಗೆಯಲಿಲ್ಲವೇ?" ಅಂತ ಆಕೆ ಕೇಳಿದಳು.

"ಒಂದ್ ಸಲ ಬಂದದವ್ವ. ನಾ ತೆಗ್ದಿದ್ದಲ್ಲ, ತಾನೇ ಬಂದದ್ದು."

"ಯಾರದು?"

"ನನ್ನ ತಂಗೀದು."

ಚಹಾದ ಸೋಸಣಿಗೆ ಕೈಯಲ್ಲೇ ಉಳಿಯಿತು. ಬಂದವರು ಇದ್ದಾರೆ ಅನ್ನುವುದನ್ನೂ ನೋಡದೆ ಹೊರಗೆ ಬಂದು, "ಏನಂದಿ ನೀ? ಇನ್ನೊಮ್ಮಿ ಹೇಳು" ಅಂದೆ. ದೊಡ್ಡವ್ವ ಪಾಟಿ ನೋಡುತ್ತ ಕೂತಳು. "ಐವತ್ತು ವರ್ಷ ಇಲ್ಲ ಇಲ್ಲ ಅಂದೆಲ್ಲ ನನಗ! ಎಲ್ಲದ ಅದು? ಈಗಿಂದೀಗ ತೆಗಿ."

"ನನ್ನ ಹಂತ್ಯಾಕ ಇಲ್ಲ. ಕೊಟ್ಟೀನಿ."

"ಯಾರಿಗಿ?"

ಆಕೆ ಪಾಟಿಯ ಮೇಲಿನ ಅಕ್ಷರ ಒರೆಸಿದಳು. "ನೆಪ್ಪಿಲ್ಲ ಮಗಳ. ಡಬ್ಬಿ ಭಾಲ್ಕಿಗಿ ಹೋದ್ವು. ಹಾರ್ಮೋನಿಯಂ ಮಾಸ್ತರಗ ಕೊಟ್ಟೀನೇನೊ."

ಬೆಂಗಳೂರಿನ ಹೆಣ್ಣುಮಗಳು ಮರುದಿನ ಎರಡು ಡಬ್ಬಿ ತೆಗೆದುಕೊಂಡು ಹೋದಳು. ನನಗೆ ಆ ಎರಡರ ಮೇಲೆ ಆಸೆಯೇ ಇರಲಿಲ್ಲ. ನಾನು ಭಾಲ್ಕಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ದಿನಾ ಹೋಗಿ ಬರುವ ಊರು ಅದು. ಆವತ್ತು ಬಸ್ಸಿನಲ್ಲಿ ಕೂತರೆ ಕೂಡಲಾಗಲಿಲ್ಲ. ಚಿತ್ರ ಇಷ್ಟರಲ್ಲೇ ಎಲ್ಲೋ ಒಂದು ಅಟ್ಟದ ಮೇಲೆ ಹುಳಿಯುತ್ತ ಬಿದ್ದಿದೆ, ಈ ಡ್ರೈವರ್ ನೋಡಿದರೆ ಹಾಲಹಳ್ಳಿಯಲ್ಲಿ ಪಾನ್ ತಿನ್ನಲು ನಿಲ್ಲಿಸಿದ್ದಾನೆ! "ಜಲ್ದಿ ನಡೀರಪ್ಪ" ಅಂತ ಕೂಗಿದೆ. ಮಂದಿ ತಿರುಗಿ ನೋಡಿದರು. ಆ ದಿನ ಕನ್ನಡಿಯ ಪಾಠದಲ್ಲಿ ಬಿಂಬದ ದೂರ ತಪ್ಪು ಬರೆದು ಮಕ್ಕಳಿಂದ ತಿದ್ದಿಸಿಕೊಂಡೆ.

ಹಾರ್ಮೋನಿಯಂ ಮಾಸ್ತರರು ದೊಡ್ಡವ್ವನ ಕಾಲದವರು, ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದವರು. ಈಗ ಕಿವಿ ಮಂದ. ನಾನು ಬಂದ ಕೆಲಸ ಹೇಳಿದೆ, ಎರಡನೇ ಸಲ ಕೂಗಿ ಹೇಳಿದೆ. ಅವರ ಮುಖ ಬೆಳಗಿತು. ಒಳಗಿನಿಂದ ದುಂಡನೆಯ ತಗಡಿನ ಡಬ್ಬಿ ತಂದು ಮುಂದಿಟ್ಟರು. ಮುಚ್ಚಳ ತೆಗೆದರೆ ಗುಂಡಿ, ದಾರ, ಸೂಜಿ.

"ರೀಲು ಎಲ್ಲದರಿ?"

"ಹಾ?"

"ರೀಲು, ರೀಲು! ಇದರಾಗ ಇದ್ದದ್ದು."

"ಓ, ಅದಾ? ಕ್ರಿಸ್ಮಸ್ ಚಿಕ್ಕಿಗಿ ಹಚ್ಚಿದ್ವಲ್ರಿ ಅಮ್ಮ!" ಅಂದರು ಸಂಭ್ರಮದಿಂದ.

ಕ್ರಿಸ್ಮಸ್ಸಿಗೆ ನಮ್ಮ ಮಂದಿ ಮನೆ ಮುಂದೆ ಬಿದಿರಿನ ದಬ್ಬೆಯ ಚಿಕ್ಕಿ, ಅಂದರೆ ನಕ್ಷತ್ರ, ಕಟ್ಟಿ ಒಳಗೆ ದೀಪ ಇಡುತ್ತಾರೆ. ಚಿಕ್ಕಿಗೆ ಬಣ್ಣದ ಕಾಗದದ ಬಾಲ ಇರಬೇಕು. ಒಂದು ವರ್ಷ ಕಾಗದ ಸಿಗಲಿಲ್ಲವಂತೆ, ಮಾಸ್ತರರು ರೀಲನ್ನು ಮೊಳ ಮೊಳ ಕತ್ತರಿಸಿ ಓಣಿಯ ಚಿಕ್ಕಿಗಳಿಗೆಲ್ಲ ಬಾಲ ಮಾಡಿ ಹಂಚಿದರಂತೆ. ದೀಪ ಹಚ್ಚಿದಾಗ ನೇರಳೆ ಬಣ್ಣ ಹೊಳೆದು ಏನು ಚೆಂದ ಕಾಣುತ್ತಿತ್ತು ಅಂತ ಅವರು ಕೈ ಆಡಿಸಿ ಹೇಳಿದರು. ನನ್ನ ಅವ್ವನ ಮುಖ ಯಾರದೋ ಮನೆಯ ಸೂರಿಗೆ ನೇತಾಡಿ, ಜನವರಿಯ ಗಾಳಿಗೆ ಹರಿದು, ಗಟಾರದಲ್ಲಿ ಬಿದ್ದು ಹೋಯಿತೇ? ಅವರ ಮುಂದೆಯೇ ಅತ್ತುಬಿಟ್ಟೆ. ಪಾಪ, ಅವರಿಗೆ ಏನೂ ತಿಳಿಯದೆ ನೀರು ತಂದುಕೊಟ್ಟರು. ಗುಂಡಿಗಳ ಅಡಿಯಲ್ಲಿ ಒಂದು ಗೇಣಿನಷ್ಟು ತುಂಡು ಉಳಿದಿತ್ತು. ಬಿಸಿಲಿಗೆ ಹಿಡಿದೆ. ಬಿಳಿ ಮರ, ಕರಿ ಆಕಾಶ. ಮುಖ ಇಲ್ಲ.

ಮನೆಗೆ ಬಂದು ದೊಡ್ಡವ್ವನ ಮುಂದೆ ಆ ತುಂಡು ಎಸೆದೆ. ನಡೆದದ್ದನ್ನು ಹೇಳಿದೆ. ಆಕೆ ಕೇಳುತ್ತ ಕೇಳುತ್ತ ನಗಲು ಹತ್ತಿದಳು.

"ಚಿಕ್ಕಿಗಿ ಹಚ್ಚಿದ್ರ? ಅಯ್ಯೋ, ಇದು ನನಗ ಹೊಳ್ದಿಲ್ಲ ನೋಡು. ಗ್ವಾಡಿ ಮ್ಯಾಲ ಯಾಕ ತೋರಸ್ಬೇಕಿತ್ತು ನಾ?"

"ನಗ್ತಿ ನೀ? ನಗ್ತಿ? ನನ್ನ ಅವ್ವನ ಮಾರಿ ಹರಿದು ಹಂಚ್ಯಾರ ಅಲ್ಲಿ!"

ಆಗ ಆಕೆಯ ನಗು ನಿಂತಿತು. ಪಾಟಿ ಪಕ್ಕಕ್ಕಿಟ್ಟಳು. "ಅದು ಆ ಡಬ್ಬ್ಯಾಗ ಇಲ್ಲ ಮಗಳ. ಅದನ್ನ ನಾ ಕತ್ತರಿಸಿ ಬ್ಯಾರೆ ಇಟ್ಟಿದ್ದೆ" ಅಂದಳು.

"ಮತ್ತ ಭಾಲ್ಕಿ ಅಂತ ಯಾಕ ಹೇಳ್ದಿ? ಯಾಕ ಓಡಾಡಿಸ್ದಿ ನನಗ?"

"ಸಿಗದಿದ್ರ ಸುಮ್ಕಾಗ್ತಿ ಅಂದ್ಕೊಂಡೆ" ಅಂದಳು.

ಸುಮ್ಕಾಗುವುದೇ? ನಾನು ಅನ್ನಬಾರದ್ದೆಲ್ಲ ಅಂದೆ. ನೀನು ಕಲ್ಲು, ನಿನಗೆ ಕೈಕಾಲು ಮಾತ್ರ ಕಾಣಿಸುತ್ತವೆ, ಮನುಷ್ಯರು ಕಾಣಿಸುವುದಿಲ್ಲ ಅಂದೆ. ಆಕೆ ಎದ್ದು ತುಳಸಿ, ಪುದೀನ, ಇದ್ದಬದ್ದ ಕುಂಡಗಳಿಗೆಲ್ಲ ಎರಡೆರಡು ಸಲ ನೀರು ಹಾಕಿದಳು. ಅರ್ಧ ತಾಸಿನ ಮೇಲೆ ಬಾಗಿಲಲ್ಲಿ ನಿಂತು, "ಚಿಂತಾಕ್ಯಾಗ ಬಾಯಿ ಹಂತ್ಯಾಕ ಅದ. ಹೋಗೂದಿದ್ರ ನಾನೂ ಬರ್ತೇನಿ" ಅಂದಳು.

ಬಾಯಿ ಅಂದರೆ ದೊಡ್ಡವ್ವನ ಜೊತೆ ಔರಾದ ಹಳ್ಳಿಗಳಲ್ಲಿ ಹೆರಿಗೆಗೆ ಓಡಾಡಿದ ಆಯಾ. ಚಿಂತಾಕಿಯ ಬೌದ್ಧರ ಮನೆಯವಳು. ಇಬ್ಬರೂ ಎಷ್ಟೋ ಮಳೆಗಾಲ ಒಂದೇ ಕೊಡೆಯಡಿ ನಡೆದವರು. ಮರುದಿನವೇ ರಜೆ ಹಾಕಿ ಗಾಡಿ ಮಾಡಿಕೊಂಡು ಹೊರಟೆವು. ಸೋಯಾ ರಾಶಿಯ ಕಾಲ. ರಸ್ತೆಯ ಒಂದು ಮಗ್ಗುಲಿಗೆ ಸೋಯಾ ಒಣಹಾಕಿ ಕಲ್ಲು ಇಟ್ಟಿದ್ದರು, ಗಾಡಿ ಎತ್ತಿನಗಾಡಿಗಿಂತ ನಿಧಾನ ಹೋಯಿತು. ನಾನು ಸೀಟಿನ ತುದಿಗೆ ಕೂತು ಸೀರೆಯ ಸೆರಗನ್ನು ಸುತ್ತುವುದು ಬಿಚ್ಚುವುದು ಮಾಡುತ್ತಿದ್ದೆ. ದೊಡ್ಡವ್ವ ದಾರಿಯುದ್ದಕ್ಕೂ ಬೋರ್ಡುಗಳ ಮೇಲಿನ ಉರ್ದು ಅಕ್ಷರ ಕೂಡಿಸಿ ಓದುತ್ತಿದ್ದಳು.

ಬಾಯಿಯ ಬೆನ್ನು ಬಾಗಿದೆ, ದನಿ ಬಾಗಿಲ್ಲ. ನಮ್ಮನ್ನು ನೋಡಿ, "ಅಗಬಾಯಿ! ಅಕ್ಕೋರು ಬಂದ್ರಾ!" ಅಂತ ಓಣಿಗೆಲ್ಲ ಕೇಳುವಂತೆ ಕೂಗಿದಳು. ನನ್ನ ಗದ್ದ ಹಿಡಿದು ನೋಡಿದಳು. ಕೂಡಿಸಿದಳು, ನೀರು ಕೊಟ್ಟಳು, ಚಹಾ ಇಟ್ಟಳು, ಹಪ್ಪಳ ಸುಟ್ಟಳು. ಬುದ್ಧನ ಪಟದ ಕೆಳಗೆ ಕೂತು ಇಬ್ಬರೂ ಸತ್ತವರ, ಹುಟ್ಟಿಸಿದವರ ಲೆಕ್ಕ ಶುರುಮಾಡಿದರು. ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಕಡೆಗೆ ತಡೆಯದೆ, "ಬಾಯಿ, ದೊಡ್ಡವ್ವ ನಿಮ್ಮ ಹಂತ್ಯಾಕ ಒಂದು ಡಬ್ಬಿ ಇಟ್ಟಿದ್ಲಂತ" ಅಂದೆ.

ಬಾಯಿ ದೊಡ್ಡವ್ವನ ಮುಖ ನೋಡಿದಳು. ದೊಡ್ಡವ್ವ ತಲೆ ಆಡಿಸಿದಳು.

ಬಾಯಿ ನೇರ ಒಳಗಿನ ಜೋಳದ ಕಣಜದ ಹತ್ತಿರ ಹೋಗಿ, ತೋಳು ಏರಿಸಿ, ಭುಜದವರೆಗೂ ಜೋಳದೊಳಗೆ ಕೈ ಇಳಿಸಿ ತಡಕಾಡಿದಳು. "ಬಿಸಲಾಗ ಇಡಬ್ಯಾಡ, ತಂಪಾಗ ಇಡಬ್ಯಾಡ, ಯಾರ ಕೈಗೂ ಸಿಗಬ್ಯಾಡ ಅಂದಿದ್ರಿ. ಹಂಗಂದ್ರ ಎಲ್ಲಿಡ್ಲಿ ನಾ? ವರ್ಷಾ ಹೊಸಾ ಜೋಳ ಬಂದಾಗ ತೆಗೀತೇನಿ, ಒರಸ್ತೇನಿ, ಮತ್ತ ಹುಗೀತೇನಿ." ಬೇವಿನ ಸೊಪ್ಪಿನ ಜೊತೆ ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಮುಲಾಮಿನ ಡಬ್ಬಿ ಹೊರಗೆ ಬಂತು. ಮೂಸಿ ನೋಡಿದೆ. ಜೋಳದ ವಾಸನೆ, ಅದರ ಹಿಂದೆ ಸಣ್ಣಗೆ ಸಿರ್ಕಾ. ಬಾಯಿಯೇ ಮುಚ್ಚಳ ತಿರುವಿದಳು. ಒಳಗೆ ಸುರುಳಿ ಸುತ್ತಿದ ಒಂದು ತುಂಡು, ಅಂಚು ಮುದುಡಿತ್ತು. ಬಿಚ್ಚಿ ನೋಡಲು ಹೋದರೆ ಚಟ್ ಅಂದಿತು. "ಬಿಡು! ಮುಟ್ಟಬ್ಯಾಡ" ಅಂತ ದೊಡ್ಡವ್ವ ಚೀರಿದಳು. ಆಕೆ ಹಾಗೆ ಚೀರಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಪ್ರೊಜೆಕ್ಟರ್ ಎಂದೋ ಗುಜರಿಗೆ ಹೋಗಿತ್ತು, ಇದ್ದಿದ್ದರೂ ಆ ತುಂಡು ಅದರೊಳಗೆ ಉಳಿಯುತ್ತಿರಲಿಲ್ಲ. ಬೆಂಗಳೂರಿಗೆ ಕಳಿಸಿ ಅಂತ ಆ ಹೆಣ್ಣುಮಗಳು ಫೋನಿನಲ್ಲಿ ಹೇಳಿದಳು. ನನ್ನಿಂದ ಆಗಲಿಲ್ಲ. ಕೊರಿಯರ್‌ನವರ ಕೈಗೆ ನನ್ನ ಅವ್ವನನ್ನು ಹೇಗೆ ಕೊಡಲಿ? ಗಾಂಧಿ ಗಂಜಿನ ಹಿಂದೆ ಮಾಳಿಗೆಯ ಮೇಲೆ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರು ಒಬ್ಬರಿದ್ದಾರೆ, ಗೊಣಗಿದರೂ ಕೆಲಸಗಾರ. ಅವರಿಗೆ ತೋರಿಸಿದೆ. ಗಾಜಿನ ಮೇಲಿಟ್ಟು, ಕೆಳಗೆ ದೀಪ ಹಿಡಿದು, ಒಂದೊಂದೇ ಚಿತ್ರದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ, ಲಗ್ನದ ಸೀಜನ್ನು, ಅವಸರ ಮಾಡಬೇಡಿ ಅಂದರು. ನಾನು ದಿನಾ ಭಾಲ್ಕಿಯಿಂದ ಇಳಿದವಳೇ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಕಡೆಗೆ ಅವರು, "ಮೇಡಂ, ನೀವು ಹಿಂಗ ಹಿಂದ ನಿಂತ್ರ ನನ್ನ ಕೈ ನಡಗ್ತದ್ರಿ. ಆದ ಮ್ಯಾಲ ನಾನೇ ಫೋನ್ ಮಾಡ್ತೇನಿ" ಅಂದು ಕೈ ಮುಗಿದರು.

ಆ ದಿನಗಳಲ್ಲಿ ದೊಡ್ಡವ್ವ ಮತ್ತು ನಾನು ಒಂದೇ ವಿಷಯಕ್ಕೆ ಜಗಳ ಆಡಿದೆವು. ಉಲ್ಟಾ ಚಿತ್ರವನ್ನು ಕಂಪ್ಯೂಟರಿನಲ್ಲಿ ಸೀದಾ ಮಾಡುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ಹಾಗೇ ಮಾಡಿಸುತ್ತೇನೆ ಅಂತ ನಾನು. ಮೊದಲು ತಾನು ತೊಳೆದ ಹಾಗೇ ತೋರಿಸಬೇಕು ಅಂತ ಆಕೆ.

"ನನಗ ನನ್ನ ಅವ್ವ ಬೇಕು. ನಿನ್ನ ದೆವ್ವದ ಸಿನಿಮಾ ಬ್ಯಾಡ."

"ಅದು ನಾ ಮಾಡಿದ್ದು. ಮೊದಲ ನಂದು ನೋಡು. ಆಮ್ಯಾಲ ನಿಂಗ ಬೇಕಾದಂಗ ಮಾಡ್ಕೊ."

"ಎಂಬತ್ತು ದಾಟಿದ್ರೂ ನಿನ್ನ ಹಟ ಹೋಗ್ಲಿಲ್ಲ."

"ನಿನ್ನ ಅವ್ವಂದೂ ಹೋಗಿರ್ಲಿಲ್ಲ" ಅಂದಳು.

ಶನಿವಾರ ಮಧ್ಯಾಹ್ನ ಫೋನು ಬಂತು. ದೊಡ್ಡವ್ವನನ್ನು ಆಟೋದಲ್ಲಿ ಕೂಡಿಸಿಕೊಂಡು ಹೋದೆ. ಗಂಜಿನಲ್ಲಿ ಲಾರಿ ಅಡ್ಡ ನಿಂತು ದಾರಿ ಕಟ್ಟಿತ್ತು, ಹಮಾಲರು ತೊಗರಿ ಚೀಲ ಇಳಿಸುತ್ತಿದ್ದರು. ಅಲ್ಲೇ ಇಳಿದು ನಡೆದೆವು. ಮಾಳಿಗೆಯ ಮೆಟ್ಟಿಲು ಆಕೆಗೆ ಹತ್ತಲಾಗುತ್ತಿರಲಿಲ್ಲ, ನಾನು ರಟ್ಟೆ ಹಿಡಿದು ಎಳೆಯುತ್ತಲೇ ಏರಿಸಿದೆ. ಸ್ಟುಡಿಯೋದವರು ಕಿಟಕಿ ಮುಚ್ಚಿ, ನಮ್ಮಿಬ್ಬರಿಗೆ ಖುರ್ಚಿ ಹಾಕಿ, ದೊಡ್ಡ ಟಿವಿಗೆ ಜೋಡಿಸಿದ್ದರು.

"ಅಮ್ಮೋರು ಹೇಳ್ದಂಗ ಮೊದಲ ಉಲ್ಟಾನೇ ಇಟ್ಟೀನ್ರಿ. ಭಾಳ ಸಣ್ಣದದ, ಕಣ್ಣು ಮುಚ್ಚಿ ತೆಗ್ಯೂದ್ರಾಗ ಮುಗೀತದ" ಅಂದರು.

ಮೊದಲು ಕೈ ಬಂತು. ಮೊರ, ಮೊರದೊಳಗೆ ಬೇಳೆ, ಬೇಳೆಯಲ್ಲಿ ಕಲ್ಲು ಹುಡುಕುವ ಬೆರಳು. ನಾನು ಹಲ್ಲು ಕಚ್ಚಿದೆ. ಮತ್ತೆ ಅದೇ ಕೈ! ಬೆರಳು ಆಡಿದವು, ಆಡಿದವು, ನಿಂತವು. ಒಂದು ಬೆರಳು ಎದ್ದು ಕ್ಯಾಮೆರಾದ ಕಡೆ ಗದರಿಸಿತು. ಆಮೇಲೆ ಕೈಯೇ ಮುಂದೆ ಬಂದು ಟಿವಿಯನ್ನೆಲ್ಲ ಮುಚ್ಚಿತು. ಚಿತ್ರ ಗಡಗಡ ಅಲುಗಾಡಿ ಮೇಲಕ್ಕೆದ್ದಿತು.

"ಬೇಕಂತ ಹಿಡಿದು ಎತ್ತಿದ್ಲು" ಅಂದಳು ಪಕ್ಕದಲ್ಲಿ ದೊಡ್ಡವ್ವ. "ಯಾವಾಗ್ಲೂ ಕೈ ಏನ್ ನೋಡ್ತಿ, ನನ್ನ ಮಾರಿ ನೋಡಿ ಮಾತಾಡು ಅಂತ ಬೈದ್ಲು."

ಮುಖ ನಿಂತಿತು. ನನ್ನ ಅವ್ವ ತಲೆ ಎರೆದುಕೊಂಡು ಕೂದಲು ಬಿಟ್ಟು ಕೂತಿದ್ದಳು. ಉಲ್ಟಾ ಚಿತ್ರದಲ್ಲಿ ಆ ಕೂದಲೆಲ್ಲ ಬೆಳ್ಳಗಾಗಿತ್ತು. ಹುಬ್ಬು ಬೆಳ್ಳಗೆ. ಆಕೆ ಏನೋ ಬೈಯುತ್ತಿದ್ದಳು, ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು. ಬೈಯುತ್ತ ಬೈಯುತ್ತ ನಗು ಬಂತು. ಬಾಯಿ ತೆರೆದರೆ ಹಲ್ಲು ಕರ್ರಗೆ, ಬೊಚ್ಚುಬಾಯಿಯ ಹಾಗೆ. ನೆರೆತ ಕೂದಲಿನ ಒಬ್ಬ ಮುದುಕಿ ನಮ್ಮ ಕಡೆ ನೋಡಿ ಮನಸಾರೆ ನಕ್ಕಳು. ಪಕ್ಕದ ಖುರ್ಚಿಯಲ್ಲಿ ಅದೇ ಮೂಗು, ಅದೇ ಬಿಳಿ ಕೂದಲಿನ ದೊಡ್ಡವ್ವ. ಅಕ್ಕ ತಂಗಿ ಇಬ್ಬರೂ ಒಂದೇ ವಯಸ್ಸಿಗೆ ಬಂದಿದ್ದರು.

"ಆಕಿ ಹೋದ ಮ್ಯಾಲ ಒಬ್ಬಾಕೀನೇ ಹಾಕ್ಕೊಂಡು ನೋಡ್ದೆ" ಅಂದಳು ದೊಡ್ಡವ್ವ. "ಹಿಂಗ ಮುದುಕಿ ಆಗ್ಬೇಕಿತ್ತಲ್ಲ, ದೇವರು ಆಗ್ಲಿಕ್ಕಿ ಬಿಡ್ಲಿಲ್ಲಲ್ಲ ಅಂತ ಎದಿ ಒಡದ್ಹೋತು. ಮನ್ಯಾಗ ಇಟ್ಕೊಳ್ಲಿಕ್ಕಿ ಆಗ್ಲಿಲ್ಲ. ಒಗೀಲಿಕ್ಕೂ ಆಗ್ಲಿಲ್ಲ. ಆಮ್ಯಾಲ ಕ್ಯಾಮೆರಾ ಮುಟ್ಟಿಲ್ಲ ನಾ."

ಚಿತ್ರ ಮುಗಿದು ಟಿವಿ ಖಾಲಿಯಾಗಿತ್ತು. ಸ್ಟುಡಿಯೋದವರು ಮೌಸಿನ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದರು. "ಈಗ ಸೀದಾ ಮಾಡ್ಲೇನ್ರಿ ಮೇಡಂ? ಒಂದು ಸೆಕೆಂಡಿನ ಕೆಲಸ."

ನನಗೆ ಐವತ್ತು ದಾಟಿದೆ. ಇಪ್ಪತ್ತಾರು ತುಂಬಿದಂದಿನಿಂದ ನಾನು ನನ್ನ ಅವ್ವನಿಗಿಂತ ದೊಡ್ಡವಳು. ವರ್ಷ ಕಳೆದಂತೆಲ್ಲ ಆಕೆ ನನಗೆ ತಂಗಿಯಾದಳು, ಆಮೇಲೆ ಮಗಳಾದಳು. ಈಚೆಗಂತೂ ಅಷ್ಟು ಸಣ್ಣ ಹುಡುಗಿಗೆ ಅವ್ವ ಅನ್ನಲು ನಾಲಿಗೆಯೇ ಏಳುತ್ತಿರಲಿಲ್ಲ.

"ಬ್ಯಾಡ್ರಿ" ಅಂದೆ. "ಹಂಗೇ ಇನ್ನೊಮ್ಮಿ ಹಚ್ರಿ."

ಅವರು ಹಚ್ಚಿದರು. ಕೈ ಬಂತು, ಚಿತ್ರ ಅಲುಗಾಡಿತು, ನನಗಿಂತ ಹಿರಿಯಳೊಬ್ಬಳು ಬಿಳಿ ಹುಬ್ಬು ಏರಿಸಿ ನನ್ನನ್ನು ಬೈಯಲು ಶುರುಮಾಡಿದಳು. "ಅವ್ವಾ" ಅಂದೆ.